ಭಾನುವಾರದ ಪಶ್ಚಾತ್ತಾಪ

ಕುಡಿತ ಬಿಟ್ಟ ಮೇಲೆ ಮಾಸ್ಟರ್ ಮೊದಲಿಗಿಂತ ಅಸಹ್ಯದ ಮನುಷ್ಯನಾದ ಎಂದು ಅವನ ಮಗಳು ಹೇಳಿದರೆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಾದರೆ ಮಧ್ಯಾಹ್ನದವರೆಗೂ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಿದ್ದ. ಈಗ ಬೆಳಗಾದರೆ ಸಾಕು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಟ್ರಯಲ್ ಕೋಣೆಯ ಕನ್ನಡಿಯ ಮುಂದೆ ನಿಂತು ತನ್ನ ಪಾಪಗಳನ್ನು ತಾಲೀಮು ಮಾಡುತ್ತಿದ್ದ.

ಮಾಸ್ಟರ್ ಎಂದರೆ ಶಾಲೆಯ ಮಾಸ್ಟರ್ ಅಲ್ಲ, ಕಟಿಂಗ್ ಮಾಸ್ಟರ್. ಬೀದಿಯ ತಿರುವಿನಲ್ಲಿ ಅವನ ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಕೋಟು ಕತ್ತರಿಸುವುದರಲ್ಲಿ ಎತ್ತಿದ ಕೈ ಎಂದು ಹೆಸರಾಗಿದ್ದ. ಆ ಕೈ ಕೋಟಿಗಿಂತ ಹೆಚ್ಚಾಗಿ ಗ್ಲಾಸು ಎತ್ತುತ್ತಿತ್ತು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೂ ಬೀದಿಯವರಿಗೆ ಅವನೆಂದರೆ ಪ್ರಾಣ. ಕುಡಿದಾಗ ಹಾಡುತ್ತಿದ್ದ, ಹಾದುಹೋಗುವವರನ್ನೆಲ್ಲ ತಡೆದು ತಬ್ಬಿಕೊಳ್ಳುತ್ತಿದ್ದ, ಕಂಡಕಂಡವರಿಗೆ ಪುಕ್ಕಟೆಯಾಗಿ ಪ್ಯಾಂಟು ಹೊಲಿದುಕೊಡುತ್ತೇನೆಂದು ಮಾತು ಕೊಡುತ್ತಿದ್ದ. ಆ ಪ್ಯಾಂಟುಗಳನ್ನು ಹೊಲಿಯುವವಳು ಹೆಂಡತಿ. "ಎಂಥಾ ಮಗುವಿನಂಥ ಮನಸ್ಸು!" ಎಂದು ಜನ ಮೆಚ್ಚಿಕೊಳ್ಳುವರು. ಆ ಮನೆಯಲ್ಲಿ ನಿಜವಾದ ಮಗುವೊಂದಿದೆ ಎಂಬುದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಆ ಮಗುವನ್ನು ಎಲ್ಲರೂ ಗುಂಡಿ ಎಂದು ಕರೆಯುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದದ್ದರಿಂದ ಬಂದ ಹೆಸರು. "ಅಪ್ಪ ಹಾಕೋದು ಗುಂಡು, ಮಗಳು ಹಾಕೋದು ಗುಂಡಿ" ಎಂದು ಎದುರಿನ ಕ್ಷೌರದಂಗಡಿಯವನು ಒಮ್ಮೆ ಹೇಳಿದ್ದೇ ತಡ, ಬೀದಿಗೆ ಬೀದಿಯೇ ಅದನ್ನು ಬಾಯಿಪಾಠ ಮಾಡಿಕೊಂಡಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾಸ್ಟರೇ.

ಅಮ್ಮ ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಅವಳ ಕಾಲು ಮಿಶನ್ನಿನ ಪೆಡಲಿನ ಮೇಲಿರುತ್ತಿತ್ತು. ಗಿರಾಕಿಗಳು ಬಂದು ಕೇಳಿದರೆ "ಮಾಸ್ಟರಿಗೆ ಜ್ವರ, ನಾಳೆ ಬನ್ನಿ" ಎನ್ನುವಳು. ಆ ಮನೆಗೆ ನಿಜಕ್ಕೂ ಅಷ್ಟು ಸಲ ಜ್ವರ ಬಂದಿದ್ದರೆ ಬೀದಿಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಗುಂಡಿ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ನಡೆದದ್ದು ಇದು. ರಜೆಯ ಮಧ್ಯಾಹ್ನ. ಮಾಸ್ಟರ್ ಆಗತಾನೇ ಎದ್ದಿದ್ದ. ಯಾವನೋ ಮದುಮಗನ ಕೋಟು ಅರ್ಜೆಂಟಾಗಿ ಕತ್ತರಿಸಬೇಕಿತ್ತು. ಒಳಗಡೆಯ ಲೈನಿಂಗ್ ಬಟ್ಟೆ ಹಾವಿನಂತೆ ನುಣುಪು, ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. "ಬಾರೇ ಗುಂಡಿ, ತುದಿ ಹಿಡ್ಕೋ" ಎಂದ. ಅವಳು ಎರಡೂ ಕೈಯಿಂದ ಬಟ್ಟೆಯನ್ನು ಒತ್ತಿ ಹಿಡಿದಳು. ಆ ಹೊತ್ತಿಗೆ ಹೊಟ್ಟೆಗೆ ಬೀಳಬೇಕಾದ್ದು ಬಿದ್ದಿರದ ಕಾರಣ ಅವನ ಕೈ ಗಡಗಡ ನಡುಗುತ್ತಿತ್ತು. ದೊಡ್ಡ ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಆಚೆ ಓಡಿ ಅವಳ ಎಡಗೈಯ ಉಂಗುರ ಬೆರಳಿಗೆ ಬಿತ್ತು.

ಮಾಸ್ಟರ್ ಮೊದಲು ಬಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡ, ಕಲೆ ಆಗಬಾರದಲ್ಲ. ಆಮೇಲೆ ಬೆರಳು ನೋಡಿ ಬಿಳಿಚಿಕೊಂಡ. ಲೈನಿಂಗ್‌ನ ತುಂಡೊಂದನ್ನು ಸುತ್ತಿ, "ಏನಿಲ್ಲ ಕಣೇ, ಏನಿಲ್ಲ, ಡಾಕ್ಟರ್ ಹತ್ರ ಹೋಗೋಣ" ಎಂದು ಹೊರಡಿಸಿದ. ಅಮ್ಮ ಗಿರಾಕಿಯ ಮನೆಗೆ ಅಳತೆಗೆಂದು ಹೋಗಿದ್ದಳು. ಡಾಕ್ಟರ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲೇ ಬಾರು.

"ಇಲ್ಲೇ ಕೂತ್ಕೋ. ಎರಡೇ ನಿಮಿಷ. ಕೈ ನಡುಗ್ತಾ ಇದೆ, ನೋಡು. ಹಿಂಗೆ ಹೋದ್ರೆ ಡಾಕ್ಟರ್ ಏನಂದ್ಕೋತಾರೆ?"

ಅವಳು ಬಾರಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಹೋಗುವವರು ಅವಳನ್ನು ದಾಟಿಕೊಂಡು ಹೋದರು, ಹೊರಗೆ ಬರುವವರು ಎಡವಿಕೊಂಡು ಬಂದರು. ಲೈನಿಂಗ್ ನೆನೆದು ತೊಟ್ಟಿಕ್ಕತೊಡಗಿತು. ಅಪ್ಪ ಹೇಳಿದ್ದಾರಲ್ಲ ಎಂದು ಅವಳು ಅಲ್ಲಾಡಲಿಲ್ಲ. ಕೊನೆಗೆ ಗಲ್ಲಾದಲ್ಲಿ ಕೂತಿದ್ದ ದಪ್ಪ ಮೀಸೆಯವನು ಮೆಟ್ಟಿಲ ಮೇಲಿನ ಕಲೆ ನೋಡಿ ಎದ್ದು ಬಂದ. "ಯಾರ ಮಗಳೇ ನೀನು?" ಎಂದ. ಕೇಳಿ, ಒಳಗೆ ಹೋಗಿ ನೋಡಿದರೆ, ಮಾಸ್ಟರ್ ಆಗಲೇ ಗೆಳೆಯರ ಜೊತೆ ಹಿಂದಿನ ಬಾಗಿಲಿನಿಂದ ಹೋಗಿಯಾಗಿತ್ತು. ಮರೆತಿದ್ದ, ಅಷ್ಟೇ. ಛತ್ರಿ ಮರೆತ ಹಾಗೆ.

ಗಲ್ಲಾದವನೇ ಅವಳನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದ. ಹೊಲಿಗೆ ಹಾಕುವಾಗ ಸೂಜಿ ಕಾಣದಿರಲೆಂದು ಅವಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡ. "ಬೈಯಬೇಕೂ ಅಂದ್ರೆ ಬೈದ್ಬಿಡು ಮರಿ, ಯಾರನ್ನ ಬೇಕಾದ್ರೂ ಬೈ" ಎಂದ. ಅವಳು ಯಾರನ್ನೂ ಬೈಯಲಿಲ್ಲ. ಸಂಜೆ ಅವನೇ ಅವಳನ್ನು ಮನೆಗೆ ಬಿಟ್ಟು, ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿ ಹೋದ. ಆ ಬೆರಳು ಮಾತ್ರ ಮತ್ತೆ ಮಡಚಲಿಲ್ಲ, ಕಡ್ಡಿಯಂತೆ ನೆಟ್ಟಗೆ ನಿಂತುಬಿಟ್ಟಿತು.

ಮರುದಿನ ಅಪ್ಪ ಎಚ್ಚರಾಗಿ, ಕಟ್ಟು ನೋಡಿ, "ಅಯ್ಯೋ, ಏನಾಯ್ತು ಮಗೂಗೆ?" ಎಂದು ಕೇಳಿದ. ಅಮ್ಮ ಮಿಶನ್ನಿನಿಂದ ತಲೆಯೆತ್ತದೆ, "ಕತ್ತರಿ ಜೊತೆ ಆಟ ಆಡೋಕೆ ಹೋಗಿ ಕೊಯ್ಕೊಂಡ್ಲು" ಎಂದಳು. ಆಮೇಲೆ ಅಡುಗೆಮನೆಗೆ ಮಗಳನ್ನು ಕರೆದು ಹೇಳಿದಳು: "ಹಂಗೇ ಇರ್ಲಿ. ನಿಜ ಗೊತ್ತಾದ್ರೆ ಆ ದುಃಖಕ್ಕೆ ಇನ್ನೂ ಜಾಸ್ತಿ ಕುಡೀತಾರೆ."

ಗುಂಡಿ ಬಾಯಿ ಬಿಡಲಿಲ್ಲ. ಆದರೆ ಅದುವರೆಗೆ ಅಪ್ಪನನ್ನು 'ನೀವು' ಎನ್ನುತ್ತಿದ್ದವಳು ಅಂದಿನಿಂದ 'ನೀನು' ಎನ್ನತೊಡಗಿದಳು. ಬಹುವಚನ ಕಳೆದುಕೊಂಡದ್ದು ಮಾಸ್ಟರನ ಗಮನಕ್ಕೆ ಬರಲೇ ಇಲ್ಲ. ಅಥವಾ ಬಂದು, ಮಗಳ ಸಲಿಗೆ ಎಂದು ಹಿಗ್ಗಿದನೋ ಏನೋ.

ವರ್ಷಗಳು ಹೋದವು. ಗುಂಡಿ ಶಾಲೆ ಮುಗಿಸಿ ಅಂಗಡಿಯಲ್ಲೇ ಪೂರ್ತಿ ಕೂತಳು. ಕತ್ತರಿ ಅವಳ ಕೈಗೆ ಬಂತು, ಹೆಸರು ಅವನದ್ದೇ ಉಳಿಯಿತು. ಅವನು ಕುಡಿದು ಬರುವನು, ಅವಳು ಅವನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಕಸ ಗುಡಿಸುವಳು. ದ್ವೇಷವೇನೂ ಇರಲಿಲ್ಲ. ದ್ವೇಷಿಸಬೇಕಾದರೆ ಎದುರಿಗೊಬ್ಬ ಮನುಷ್ಯ ಬೇಕು. ಇವನು ಅವಳ ಪಾಲಿಗೆ ಸರಿಯಾಗಿ ಮುಚ್ಚದ ಬಾಗಿಲಿನ ಹಾಗೆ, ಒದೆಯಬೇಕು, ಮುಂದೆ ಹೋಗಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ಮಾಸ್ಟರ್ ಬಚ್ಚಲಲ್ಲಿ ರಕ್ತ ಕಾರಿದ. ಡಾಕ್ಟರು ಕಾಗದದ ಮೇಲೆ ಅವನ ಲಿವರಿನ ಚಿತ್ರ ಬರೆದು, ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಪೆನ್ನಿನಿಂದ ಗೀಚಿ, "ಇಷ್ಟು ಹೋಗಿದೆ. ಇನ್ನೊಂದು ಗ್ಲಾಸು ಕುಡಿದ್ರೆ ನನ್ನ ಹತ್ರ ಬರಬೇಡಿ, ಸೀದಾ ಸ್ಮಶಾನಕ್ಕೆ ಹೋಗಿ" ಎಂದರು. ಮಾಸ್ಟರನ ಮುಖ ಸುಣ್ಣದಂತಾಯಿತು. ಅಂದೇ ಬಿಟ್ಟ. ಹೆಂಡತಿಗಾಗಿ ಅಲ್ಲ, ಮಗಳಿಗಾಗಿ ಅಲ್ಲ, ಪ್ರಾಣಭಯಕ್ಕೆ ಬಿಟ್ಟ. ಬಿಟ್ಟದ್ದಂತೂ ನಿಜ. ಅಮ್ಮ ಮೊದಲ ಬಾರಿಗೆ ಹಗಲು ಹೊತ್ತಿನಲ್ಲಿ ಕಾಲು ಚಾಚಿ ಮಲಗಿದಳು. ಅವಳು ಸತ್ತಳೇನೋ ಎಂದು ಮಗಳು ಗಾಬರಿಯಾಗಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಕುಡಿತ ಬಿಟ್ಟವರ ಸಂಘ ಒಂದಿತ್ತು. ಭಾನುವಾರ ಮಧ್ಯಾಹ್ನ ಸಭೆ. ಅದರ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಹುಟ್ಟಿದಂದಿನಿಂದ ಒಂದು ತೊಟ್ಟೂ ಮುಟ್ಟದವರು, ಆ ಕಾರಣಕ್ಕೇ ಕುಡುಕರ ಕಥೆಗಳೆಂದರೆ ಬಾಯಿ ಚಪ್ಪರಿಸುವವರು. ಮಾಸ್ಟರ್ ಅಲ್ಲಿಗೆ ಹೋಗಿ ಮೈಕು ಹಿಡಿದದ್ದೇ ಹಿಡಿದದ್ದು, ತನ್ನ ನಿಜವಾದ ಚಟ ಯಾವುದೆಂದು ಅವನಿಗೆ ಆಗ ಗೊತ್ತಾಯಿತು. ಗಂಟಲು ಕಟ್ಟಬೇಕಾದಲ್ಲಿ ಕಟ್ಟುತ್ತಿತ್ತು, ಕಣ್ಣೀರು ಇಳಿಯಬೇಕಾದಲ್ಲಿ ಇಳಿಯುತ್ತಿತ್ತು. ಜನ ಚಪ್ಪಾಳೆ ಹೊಡೆದರು. ಪಕ್ಕದ ಬಡಾವಣೆಯ ಸಂಘದವರೂ ಕರೆಯತೊಡಗಿದರು. ಲಿವರಿನ ಚಿತ್ರದ ವಿಷಯ ಮಾತ್ರ ಅವನು ಎಲ್ಲಿಯೂ ಎತ್ತಲಿಲ್ಲ. ಹೆದರಿ ಬಿಟ್ಟೆ ಎಂದರೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

ಅವನು ಅಲ್ಲಿ ಏನು ಹೇಳುತ್ತಾನೆಂಬುದು ಮಗಳಿಗೆ ಬಹಳ ದಿನ ಗೊತ್ತಿರಲಿಲ್ಲ. ಒಮ್ಮೆ ಬೀದಿಯ ನರ್ಸಮ್ಮ ಯೂನಿಫಾರ್ಮಿನ ಅಳತೆ ಕೊಡಲು ಬಂದವಳು ಇದ್ದಕ್ಕಿದ್ದಂತೆ ಗುಂಡಿಯ ಎಡಗೈ ಹಿಡಿದು, ನೆಟ್ಟಗಿನ ಆ ಬೆರಳನ್ನು ಕಣ್ಣಿಗೊತ್ತಿಕೊಂಡು ಅಳತೊಡಗಿದಳು.

"ಇದೇ ಏನಮ್ಮ ಆ ಬೆರಳು? ಎಂಥಾ ಗಟ್ಟಿಗಿತ್ತಿ ನೀನು!"

"ಯಾವ ಬೆರಳು ನರ್ಸಮ್ಮ?"

"ಅಪ್ಪ ಕುಡಿಯೋದು ಬಿಡಲಿಲ್ಲ ಅಂತ ಕತ್ತರಿ ತಗೊಂಡು ಕೊಯ್ಕೊಂಡ್ಯಲ್ಲ! 'ಅಪ್ಪಾ, ನೀನು ಕುಡಿದ ಒಂದೊಂದು ದಿನಕ್ಕೆ ನನ್ನ ಒಂದೊಂದು ಬೆರಳು' ಅಂದ್ಯಂತೆ. ಮಾಸ್ಟರು ಹೇಳ್ತಿದ್ರೆ ಇಡೀ ಹಾಲ್ ಅಳ್ತಿತ್ತು ಕಣಮ್ಮ."

ಗುಂಡಿ ಟೇಪನ್ನು ನರ್ಸಮ್ಮನ ಸೊಂಟಕ್ಕೆ ಸುತ್ತಿದಳು, ಅಳತೆ ನೋಡಿದಳು, ಬರೆದುಕೊಂಡಳು. ಅವಳನ್ನು ಕಳಿಸಿ, ಒಳಗೆ ಬಂದು ಅಪ್ಪನ ಎದುರು ನಿಂತಳು. ಅವನು ಕನ್ನಡಿಯ ಮುಂದೆ ಕೂದಲು ಬಾಚಿಕೊಳ್ಳುತ್ತಿದ್ದ.

"ನಾನೇ ಬೆರಳು ಕೊಯ್ಕೊಂಡೆ ಅಂತ ಹೇಳ್ಕೊಂಡು ತಿರುಗ್ತಿದೀಯಂತೆ?"

"ನಾಲ್ಕು ಜನಕ್ಕೆ ಒಳ್ಳೇದಾಗುತ್ತೆ ಅಂದ್ರೆ ಸ್ವಲ್ಪ ಹೆಚ್ಚುಕಮ್ಮಿ ಹೇಳಿದ್ರೆ ಏನಾಯ್ತೀಗ?"

"ಹೆಚ್ಚುಕಮ್ಮಿ ಅಲ್ಲ, ಪೂರ್ತಿ ಸುಳ್ಳು."

"ಕೊಯ್ಕೊಂಡಿದ್ದು ನಿಜ ತಾನೆ?" ಮಾಸ್ಟರ್ ಬಾಚಣಿಗೆ ತೋರಿಸುತ್ತಾ ಕೇಳಿದ. "ಯಾಕೆ ಕೊಯ್ಕೊಂಡೆ ಅಂತ ನಿಂಗೇ ಏನ್ ಗೊತ್ತು? ಅಷ್ಟು ಚಿಕ್ಕವಳು. ನಿನ್ನ ಮನಸ್ಸಿನಾಳದಲ್ಲಿ ನನ್ನ ಮೇಲಿನ ಪ್ರೀತಿಗೇ ಕೊಯ್ಕೊಂಡಿರಬಹುದು."

ಗುಂಡಿ ಅಮ್ಮನ ಕಡೆ ತಿರುಗಿದಳು. ಅಮ್ಮ ಪೆಡಲನ್ನು ಇನ್ನಷ್ಟು ಜೋರಾಗಿ ತುಳಿದಳು. ಮಿಶನ್ನಿನ ಸದ್ದು ಮಾತನ್ನೆಲ್ಲ ನುಂಗಿತು. ಅವಳ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಸಂಘದ ವಾರ್ಷಿಕೋತ್ಸವ ಬಂತು. ಈ ಸಲ ಮಗಳು ಬರಲೇಬೇಕು ಎಂದು ಮಾಸ್ಟರ್ ಹಟ ಹಿಡಿದ. ಮಗಳು ಆಗುವುದಿಲ್ಲ ಎಂದಳು. ಆಗ ಅಮ್ಮ ಅವಳ ಗಲ್ಲ ಹಿಡಿದು ಬೇಡಿಕೊಂಡಳು: "ಒಂದೇ ಒಂದು ಸಲ ಹೋಗಿ ಸುಮ್ನೆ ಕೂತು ಬಂದ್ಬಿಡೇ. ಆ ಚಪ್ಪಾಳೆ ಇಲ್ಲದಿದ್ರೆ ಮತ್ತೆ ಶುರು ಮಾಡ್ಕೋತಾರೆ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ."

ಗುಂಡಿ ಹೋದಳು. ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ವೇದಿಕೆಯ ಮೇಜಿಗೆ ತಾನೇ ಅಂಚು ಮಡಿಸಿ ಹೊಲಿದ ಬಟ್ಟೆ. ಮಾಸ್ಟರ್ ಮಾತಾಡಲು ಎದ್ದ. ನೀಲಿ ಕೋಟು ತೊಟ್ಟಿದ್ದ. ಅದನ್ನು ಕತ್ತರಿಸಿದವಳು ಮಗಳು, ಹೊಲಿದವಳು ಹೆಂಡತಿ. ಅವನು ಮಳೆ ತಂದ, ಗುಡುಗು ತಂದ, ಜ್ವರದಲ್ಲಿ ನರಳುವ ಮಗುವನ್ನು ತಂದ, ಕೊನೆಗೆ ಕತ್ತರಿಯನ್ನೂ ತಂದ. ಹಿಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಗುಂಡಿಗೆ ನಿಜಕ್ಕೂ ಆಶ್ಚರ್ಯವಾದದ್ದು ಬೇರೆಯೇ: ಹೇಳುತ್ತಾ ಹೇಳುತ್ತಾ ಅವನಿಗೇ ಮೈ ಜುಮ್ಮೆನ್ನುತ್ತಿತ್ತು.

"ಆ ತಾಯಿ ಇಲ್ಲೇ ಇದ್ದಾಳೆ!" ಮಾಸ್ಟರ್ ಕೈಚಾಚಿದ. "ಬಾ ಮಗಳೇ, ಆ ಕೈ ಎತ್ತಿ ಎಲ್ರಿಗೂ ತೋರಿಸು."

ಅವಳು ವೇದಿಕೆ ಹತ್ತಿದಳು. ಕೈ ಎತ್ತಿದಳು. ಚಪ್ಪಾಳೆ ನಿಲ್ಲುವವರೆಗೂ ಕಾದು, ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇದನ್ನ ನಾನು ಕೊಯ್ಕೊಂಡಿದ್ದಲ್ಲ. ಇವನು ಕೊಯ್ದಿದ್ದು. ಕುಡೀದೆ ಇದ್ದಿದ್ದಕ್ಕೆ ಕೈ ನಡುಗ್ತಾ ಇತ್ತು, ನಾನು ಬಟ್ಟೆ ಹಿಡ್ಕೊಂಡಿದ್ದೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ ಅಂತ ಹೊರಡಿಸಿ, ಬಾರಿನ ಮೆಟ್ಟಿಲ ಮೇಲೆ ಕೂರಿಸಿ ಒಳಗೆ ಹೋದ. ಹಿಂದಿನ ಬಾಗಿಲಿಂದ ಹೊರಟ್ಹೋದ. ನನ್ನ ಮರೆತು. ಹೊಲಿಗೆ ಹಾಕಿಸಿದ್ದು ಆ ಬಾರಿನವರು. ನಾನು ಇವನ ಕಾಲು ಹಿಡಿದಿಲ್ಲ, ಅತ್ತಿಲ್ಲ, ಬಿಡು ಅಂತ ಒಂದು ಸಲಾನೂ ಕೇಳಿಲ್ಲ. ಕೇಳೋಷ್ಟು ಮರ್ಯಾದೆ ಇವನ ಮೇಲೆ ನನಗೆ ಇರ್ಲಿಲ್ಲ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಅವಳ ಭುಜದ ಮೇಲೆ ಕೈಯಿಟ್ಟು ಮೃದುವಾಗಿ ಹೇಳಿದರು:

"ಏನೇ ಇರ್ಲಿ ಮಗೂ, ತಂದೆಗೆ ಏಕವಚನ ಬೇಡ."

ಇಡೀ ಕಥೆಯಲ್ಲಿ ಆ ಮಹಾನುಭಾವರಿಗೆ ತಪ್ಪಾಗಿ ಕಂಡದ್ದು ಅದೊಂದೇ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಮೂಗು ಸೀಟುತ್ತಾ, "ಇಷ್ಟಾದ್ರೂ ಅಪ್ಪನ ಪಕ್ಕ ಬಂದು ನಿಂತಳಲ್ಲ, ಕ್ಷಮಿಸೋದು ಅಂದ್ರೆ ಇದು" ಎಂದಳು. ಯಾರೋ ಒಬ್ಬರು ಚಪ್ಪಾಳೆ ಶುರು ಮಾಡಿದರು. ಮಿಕ್ಕವರೂ ಸೇರಿಕೊಂಡರು. ಗುಂಡಿ ಆ ಚಪ್ಪಾಳೆಯ ನಡುವೆಯೇ ಮೆಟ್ಟಿಲಿಳಿದು ಮನೆಗೆ ಬಂದಳು.

ಸ್ವಲ್ಪ ಹೊತ್ತಿಗೆ ಮಾಸ್ಟರ್ ಬಂದ. ಕೋಟು ಕೂಡ ಬಿಚ್ಚದೆ ಕಟಿಂಗ್ ಮೇಜಿನ ಮುಂದೆ ನಿಂತ. ಮಗಳ ಮುಖ ನೋಡಲಿಲ್ಲ. ಹೆಂಡತಿಯನ್ನು ಕೇಳಿದ:

"ಅವಳು ಹೇಳಿದ್ದು ನಿಜಾನೇನೇ?"

ಅಮ್ಮ ಹೌದೆಂದು ತಲೆಯಾಡಿಸಿದಳು.

"ನೀನ್ಯಾಕೆ ನನಗೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ ನೀವು?" ಅಮ್ಮ ಕೇಳಿದಳು. "ಕುಡೀತಿದ್ರಿ."

ಮಾಸ್ಟರ್ ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದ ತನ್ನ ಬಲಗೈಯನ್ನೇ ನೋಡುತ್ತಾ ನಿಂತ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂಬುದು ಆಗ ಗುಂಡಿಗೆ ಅರ್ಥವಾಯಿತು. ಅಷ್ಟು ವರ್ಷ ಅವನ ತಲೆಯಲ್ಲಿ ಆ ದಿನದ ಜಾಗದಲ್ಲಿ ಏನೂ ಇರಲಿಲ್ಲ. ಖಾಲಿ ಜಾಗ ಸಿಕ್ಕಿತೆಂದು ತನಗೆ ಬೇಕಾದದ್ದನ್ನು ತುಂಬಿಕೊಂಡಿದ್ದ. ಒಂದು ಕ್ಷಣ ಅವಳಿಗೆ ಪಾಪ ಎನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆ ವಾರವೆಲ್ಲ ಅವನು ಕನ್ನಡಿಯ ಮುಂದೆ ನಿಲ್ಲಲಿಲ್ಲ. ಬೀದಿಯವರು ಗುಂಡಿಯನ್ನು ಕಂಡರೆ ಮುಖ ತಿರುಗಿಸಿದರು. ಕ್ಷೌರದಂಗಡಿಯವನು ಬಾಗಿಲಿಗೇ ಬಂದು ಹೇಳಿಹೋದ: "ಅವನು ಮತ್ತೆ ಬಾರಿಗೆ ಹೋದ್ರೆ ಆ ಪಾಪ ನಿನ್ನ ತಲೆ ಮೇಲೆ ಕಣಮ್ಮ." ಅಷ್ಟು ವರ್ಷ ಬಾರಿಗೆ ಹೋಗಿದ್ದು ಯಾರ ತಲೆಯ ಮೇಲೆ ಎಂದು ಅವಳು ಕೇಳಬಹುದಿತ್ತು. ಹಲ್ಲು ಕಚ್ಚಿ ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಾ ಕೂತಳು.

ಭಾನುವಾರ ಮಧ್ಯಾಹ್ನ ಮಾಸ್ಟರ್ ಎದ್ದು, ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೊರಟ. ಅಮ್ಮನ ಮುಖದಿಂದ ರಕ್ತ ಇಳಿದುಹೋಯಿತು.

"ಹೋದ್ರು. ಹೋಗ್ಬಿಟ್ರು. ಓಡು, ನೋಡೇ."

"ನೋಡಿ ಏನ್ ಮಾಡ್ಲಿ?"

"ನನಗೋಸ್ಕರ ಹೋಗೇ, ನಿನ್ನ ದಮ್ಮಯ್ಯ!"

ಗುಂಡಿ ಹೊರಟಳು. ಸೀದಾ ಬಾರಿಗೆ ಹೋದಳು. ಮೆಟ್ಟಿಲು ಹತ್ತುವಾಗ ತನ್ನ ಎದೆ ಹೀಗೇಕೆ ಬಡಿದುಕೊಳ್ಳುತ್ತಿದೆ ಎಂದು ಅವಳಿಗೇ ನಾಚಿಕೆಯಾಯಿತು. ಗಲ್ಲಾದಲ್ಲಿ ಈಗ ಬೇರೆ ಯಾರೋ ಇದ್ದರು. ಒಳಗೆ ಒಂದೊಂದು ಮೇಜನ್ನೂ ನೋಡಿದಳು. ಅಪ್ಪ ಇರಲಿಲ್ಲ. ಗೋಡೆಗೆ ಒರಗಿ ಉಸಿರು ಬಿಟ್ಟಳು. ಆ ಉಸಿರಿನಲ್ಲಿ ಇದ್ದ ಸಮಾಧಾನ ಅವಳಿಗೆ ಒಂದಿಷ್ಟೂ ಹಿಡಿಸಲಿಲ್ಲ.

ಇನ್ನೆಲ್ಲಿಗೆ ಹೋದಾನು ಎಂದುಕೊಳ್ಳುತ್ತಾ ಹಾರ್ಡ್‌ವೇರ್ ಅಂಗಡಿಯ ಮುಂದೆ ಬಂದಳು. ಮಹಡಿಯಿಂದ ಪರಿಚಿತ ದನಿ ಮೈಕಿನಲ್ಲಿ ಕೇಳಿಬರುತ್ತಿತ್ತು. ಮೆಟ್ಟಿಲು ಹತ್ತಿ ಬಾಗಿಲ ಹಿಂದೆ ನಿಂತಳು.

"ಈ ಕೈ!" ಮಾಸ್ಟರ್ ಬಲಗೈಯನ್ನು ಮೇಲಕ್ಕೆತ್ತಿ ಹಿಡಿದಿದ್ದ. ಕುತ್ತಿಗೆಯ ನರ ಉಬ್ಬಿತ್ತು. "ಇದೇ ಪಾಪಿ ಕೈ! ಹೆತ್ತ ಮಗಳ ಬೆರಳು ಕತ್ತರಿಸಿದ ಕೈ! ರಕ್ತ ಸುರೀತಿದ್ದ ಆ ಕಂದನ್ನ ಬಾರಿನ ಮೆಟ್ಟಿಲ ಮೇಲೆ ಬಿಟ್ಟು ನಾನು ಗ್ಲಾಸ್ ಎತ್ತಿದೆ! ಹೋದ ವಾರ, ಇದೇ ವೇದಿಕೆ ಮೇಲೆ, ಆ ಮಗಳು ನನ್ನ ಕಣ್ಣು ತೆರೆಸಿದಳು!"

ಹಾಲ್ ಗದ್ಗದಿಸಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಚಪ್ಪಾಳೆ ಇದುವರೆಗಿನ ಎಲ್ಲ ಚಪ್ಪಾಳೆಗಳನ್ನೂ ಮೀರಿಸಿತು. ಈ ಸಲ ಅವನು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಹಿಂದಿನ ಬಾಗಿಲನ್ನೂ ಬಿಟ್ಟಿರಲಿಲ್ಲ, ಗಲ್ಲಾದವನನ್ನೂ ಬಿಟ್ಟಿರಲಿಲ್ಲ. ಎಲ್ಲವನ್ನೂ ಅಳತೆಗೆ ಸರಿಯಾಗಿ ಹೊಲಿದು ಮೈಮೇಲೆ ಹಾಕಿಕೊಂಡು ನಿಂತಿದ್ದ, ಚೆನ್ನಾಗಿಯೂ ಒಪ್ಪುತ್ತಿತ್ತು.

ಗುಂಡಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಹಿಂದಿನ ಸಾಲಿನವರು ತಿರುಗಿ ನೋಡಿ, ಹುಡುಗಿ ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆಂದು ತಿಳಿದು ನೀರಿನ ಲೋಟ ಕೊಟ್ಟರು. ಅವಳು ನೀರು ಕುಡಿದು, ಲೋಟ ವಾಪಸು ಕೊಟ್ಟು, ಮೆಟ್ಟಿಲಿಳಿದಳು.

ಮನೆಗೆ ಬಂದು "ಬಾರಲ್ಲಿಲ್ಲ, ಭಾಷಣ ಮಾಡ್ತಿದಾನೆ" ಎಂದಳು. ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಸಿದು ಕೂತಳು. "ಮಾಡ್ಲಿ, ಮಾಡ್ಲಿ ಬಿಡು" ಎಂದಳು. "ಏನ್ ಬೇಕಾದ್ರೂ ಮಾತಾಡ್ಲಿ."

ಅಮ್ಮನ ಮೇಲೂ ತಿರಸ್ಕಾರ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಆದರೆ ಇನ್ನು ಇಲ್ಲಿದ್ದರೆ ಇವನ ಮುಂದಿನ ಭಾನುವಾರಗಳಿಗೆಲ್ಲ ತಾನೇ ಬಟ್ಟೆ ಒದಗಿಸಬೇಕಾಗುತ್ತದೆ ಎಂಬುದು ಗುಂಡಿಗೆ ಖಚಿತವಾಗಿತ್ತು. ನರ್ಸಮ್ಮನನ್ನು ಹಿಡಿದು ಊರಾಚೆಯ ದೊಡ್ಡ ಆಸ್ಪತ್ರೆಯ ಹೊಲಿಗೆ ವಿಭಾಗದಲ್ಲಿ ಕೆಲಸ ಹುಡುಕಿಕೊಂಡಳು. ಹಾಸಿಗೆಯ ಬಟ್ಟೆ, ಡಾಕ್ಟರರ ನಿಲುವಂಗಿ, ಆಪರೇಷನ್ ಕೋಣೆಯ ಹಸಿರು ಪರದೆ. ಎಲ್ಲ ನೇರ ಹೊಲಿಗೆ, ಯಾರ ಅಳತೆಯೂ ಬೇಕಿಲ್ಲ. ಅಲ್ಲಿಯೇ ಹತ್ತಿರ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಕೋಣೆ ಹಿಡಿದಳು. ಅಲ್ಲಿ ಅವಳನ್ನು ಯಾರೂ ಗುಂಡಿ ಎನ್ನುತ್ತಿರಲಿಲ್ಲ. ಬೆರಳಿಗೆ ಏನಾಯಿತೆಂದು ಕೇಳಿದವರಿಗೆ "ಬಾಗಿಲಿಗೆ ಸಿಕ್ಕಿತ್ತು" ಎಂದು ಹೇಳಿ ಮುಗಿಸಿದಳು.

ಹೊರಡುವ ದಿನ ಮಾಸ್ಟರ್ ಅಂಗಡಿಯ ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. ಬೀದಿಯ ನಾಲ್ಕಾರು ಜನ ನೋಡುತ್ತಿದ್ದರು. ಅವಳು ಅಮ್ಮನನ್ನು ತಬ್ಬಿಕೊಂಡು ಬಸ್ಸು ಹತ್ತಿದಳು.

ಮಾಸ್ಟರ್ ಮತ್ತೆ ಕುಡಿಯಲಿಲ್ಲ. ಅದನ್ನು ಒಪ್ಪಿಕೊಳ್ಳಲೇಬೇಕು. ಕೋಟು ಕತ್ತರಿಸುವ ಕೆಲಸ ಮತ್ತೆ ಅವನ ಕೈಗೇ ಬಂತು. ಮೊದಮೊದಲು ತೋಳು ಉದ್ದ ಗಿಡ್ಡವಾದವು, ಆಮೇಲೆ ಸರಿಹೋದವು.

ಕೆಲವು ತಿಂಗಳ ಮೇಲೆ ಒಂದು ರಜೆಯ ದಿನ ಅವಳು ಮನೆಗೆ ಬಂದಳು. ಮಧ್ಯಾಹ್ನ ಮೂವರೂ ಊಟಕ್ಕೆ ಕೂತರು. ಅಮ್ಮ ದಪ್ಪಗಾಗಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು. ಮಾಸ್ಟರ್ ತುತ್ತು ಬಾಯಿಗಿಡುವವನು ಹಾಗೆಯೇ ನಿಲ್ಲಿಸಿ ಮಗಳ ಕೈಯನ್ನು ದಿಟ್ಟಿಸಿದ. ಗಂಟಲು ಕಟ್ಟಿತು. ಕಣ್ಣಂಚು ಒದ್ದೆಯಾಯಿತು.

"ಮಗಳೇ..." ಎಂದು ಶುರು ಮಾಡಿದ.

"ಅಪ್ಪ, ಇಲ್ಲಿ ಕುರ್ಚಿ ಹಾಕಿಲ್ಲ, ಯಾರೂ ಬಂದಿಲ್ಲ" ಎಂದಳು ಅವಳು. "ಊಟ ಮಾಡು."

ನಲ್ಲಿ ತಿರುಗಿಸಿದಂತೆ ಅಳು ನಿಂತಿತು. ಅವನು ಅವಳ ಮುಖ ನೋಡಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಮುಖದ ಮೇಲೆ ಏನೂ ಇರಲಿಲ್ಲ. ಹಾಡುವ ಕುಡುಕನೂ ಇಲ್ಲ, ಅಳುವ ಪಾಪಿಯೂ ಇಲ್ಲ. ವಯಸ್ಸಾದ, ಹಲ್ಲು ಸಡಿಲವಾದ, ಸ್ವಲ್ಪ ಹೆದರಿದ ಒಬ್ಬ ದರ್ಜಿ ಮಾತ್ರ ಅಲ್ಲಿ ಕೂತಿದ್ದ. ತುತ್ತು ನುಂಗಿದ.

"ಉಪ್ಪು ಕಮ್ಮಿಯಾಗಿದೆ" ಎಂದ.

ಅದು ನಿಜವಾಗಿತ್ತು. ಅವಳು ಉಪ್ಪಿನ ಬಟ್ಟಲನ್ನು ಅವನ ಕಡೆ ತಳ್ಳಿದಳು.